ಬ್ಯಾಂಕ್, ಸೊಸೈಟಿ, ವಿಮೆ, ಸಾಲದ ಆಪ್: ಯಾವುದಕ್ಕೆ ಯಾರ ಲೈಸೆನ್ಸ್? ಹಣ ಸಿಕ್ಕಿಬಿದ್ದರೆ ದೂರು ಕೊಡುವುದೆಲ್ಲಿ?

2019ರ ಜೂನ್‌ನಲ್ಲಿ ಬೆಂಗಳೂರಿನ ಶಿವಾಜಿನಗರದ ಐಎಂಎ ಜ್ಯುವೆಲ್ಸ್ ಮಳಿಗೆ ಮುಂದೆ ಜನ ಜಮಾಯಿಸಿದ್ದರು. ಮೂರು ತಿಂಗಳ ಬಳಿಕ, ಸೆಪ್ಟೆಂಬರ್ ಕೊನೆಯ ವಾರದಲ್ಲಿ, ಮುಂಬೈನ ಪಂಜಾಬ್ ಆಂಡ್ ಮಹಾರಾಷ್ಟ್ರ ಕೋ-ಆಪರೇಟಿವ್ ಬ್ಯಾಂಕ್ (ಪಿಎಂಸಿ) ಶಾಖೆಗಳ ಮುಂದೆ ಅದೇ ದೃಶ್ಯ. ಎರಡೂ ಕಡೆ ನಿಂತವರ ಪ್ರಶ್ನೆ ಒಂದೇ: ನಮ್ಮ ದುಡ್ಡು ಯಾವಾಗ ವಾಪಸ್ ಸಿಗುತ್ತದೆ?

ಉತ್ತರ ಮಾತ್ರ ಒಂದೇ ಆಗಿರಲಿಲ್ಲ. ಪಿಎಂಸಿ ಭಾರತೀಯ ರಿಸರ್ವ್ ಬ್ಯಾಂಕ್‌ನಿಂದ (ಆರ್‌ಬಿಐ) ಲೈಸೆನ್ಸ್ ಪಡೆದ ಬ್ಯಾಂಕ್. ಅಲ್ಲಿನ ಠೇವಣಿಗೆ ವಿಮೆ ಇತ್ತು. ಮೊದಲ ದಿನಗಳಲ್ಲಿ ಖಾತೆಯಿಂದ ಕೇವಲ 1,000 ರೂಪಾಯಿ ತೆಗೆಯಲು ಬಿಟ್ಟಾಗ ಜನ ಕಂಗಾಲಾಗಿದ್ದು ನಿಜ. ಎರಡು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು ಎಂಬುದೂ ನಿಜ. ಆದರೆ 2022ರ ಜನವರಿಯಲ್ಲಿ ಬ್ಯಾಂಕ್ ಯೂನಿಟಿ ಸ್ಮಾಲ್ ಫೈನಾನ್ಸ್ ಬ್ಯಾಂಕ್‌ನಲ್ಲಿ ವಿಲೀನವಾಯಿತು. ಠೇವಣಿದಾರರಿಗೆ 5 ಲಕ್ಷ ರೂಪಾಯಿವರೆಗೆ ಹಣ, ಅದಕ್ಕಿಂತ ಹೆಚ್ಚಿದ್ದವರಿಗೆ ಉಳಿದದ್ದು ಹಂತ ಹಂತವಾಗಿ 10 ವರ್ಷದವರೆಗೆ ಎಂದು ನಿಗದಿಯಾಯಿತು.

ಐಎಂಎಯಲ್ಲಿ ಹಣ ಹಾಕಿದವರು ಕಾಗದದ ಮೇಲೆ ಠೇವಣಿದಾರರೇ ಆಗಿರಲಿಲ್ಲ. ಸೀಮಿತ ಹೊಣೆಗಾರಿಕೆ ಪಾಲುದಾರಿಕೆ ಸಂಸ್ಥೆಯ, ಅಂದರೆ ಎಲ್‌ಎಲ್‌ಪಿಯ 'ಪಾಲುದಾರರು' ಎಂದು ಅವರನ್ನು ಸೇರಿಸಿಕೊಳ್ಳಲಾಗಿತ್ತು. ಠೇವಣಿ ವಿಮೆ ಇಲ್ಲ, ಒಂಬುಡ್ಸ್‌ಮನ್ ಇಲ್ಲ. ಉಳಿದದ್ದು ಪೊಲೀಸ್ ದೂರು, ಆಸ್ತಿ ಮುಟ್ಟುಗೋಲು, ಸರ್ಕಾರ ನೇಮಿಸಿದ ಸಕ್ಷಮ ಪ್ರಾಧಿಕಾರಿಯ ಮುಂದೆ ಅರ್ಜಿ, ನ್ಯಾಯಾಲಯ. ಸಾವಿರಾರು ಕುಟುಂಬಗಳ ಪಾಲಿಗೆ ಅದು ವರ್ಷಗಳ ಅಲೆದಾಟವಾಯಿತು.

ಎರಡು ಸಾಲುಗಳ ನಡುವಿನ ವ್ಯತ್ಯಾಸ ಲೈಸೆನ್ಸ್‌ನದು. ಭಾರತದಲ್ಲಿ ಹಣಕಾಸು ಗ್ರಾಹಕನಿಗೆ ಸಿಗುವ ರಕ್ಷಣೆ ಆತ ಎಷ್ಟು ಹಣ ಹಾಕಿದ, ಎಷ್ಟು ಕಷ್ಟಪಟ್ಟು ಕೂಡಿಟ್ಟ ಎಂಬುದರ ಮೇಲೆ ನಿಂತಿಲ್ಲ. ಹಣ ಪಡೆದ ಸಂಸ್ಥೆ ಯಾವ ಕಾನೂನಿನ ಕೆಳಗೆ ಬರುತ್ತದೆ ಎಂಬುದರ ಮೇಲೆ ನಿಂತಿದೆ. ಹಾಗಾಗಿ 'ಬಡ್ಡಿ ಎಷ್ಟು?' ಎಂದು ಕೇಳುವ ಮೊದಲು 'ನಿಮಗೆ ಲೈಸೆನ್ಸ್ ಕೊಟ್ಟವರು ಯಾರು?' ಎಂದು ಕೇಳಬೇಕು.

ಕಾವಲುಗಾರ ಒಬ್ಬನಲ್ಲ

ಬ್ಯಾಂಕ್‌ಗಳು, ಬ್ಯಾಂಕೇತರ ಹಣಕಾಸು ಕಂಪನಿಗಳು (ಎನ್‌ಬಿಎಫ್‌ಸಿ), ಯುಪಿಐ ಸೇರಿದಂತೆ ಪಾವತಿ ವ್ಯವಸ್ಥೆಗಳು ಆರ್‌ಬಿಐ ವ್ಯಾಪ್ತಿಗೆ ಬರುತ್ತವೆ. ಆರ್‌ಬಿಐ 1935ರಿಂದ ಇದೆ. ಷೇರು, ಮ್ಯೂಚುವಲ್ ಫಂಡ್, ಬ್ರೋಕರ್, ಹೂಡಿಕೆ ಸಲಹೆಗಾರರ ಮೇಲೆ ಸೆಬಿಯ ನಿಗಾ. 1988ರಲ್ಲಿ ರಚನೆಯಾದ ಇದಕ್ಕೆ ಕಾನೂನಿನ ಬಲ ಬಂದದ್ದು 1992ರ ಕಾಯ್ದೆಯಿಂದ. ವಿಮೆಗೆ ಹೈದರಾಬಾದ್‌ನಲ್ಲಿ ಕೇಂದ್ರ ಕಚೇರಿ ಇರುವ ಐಆರ್‌ಡಿಎಐ. ಎನ್‌ಪಿಎಸ್‌ನಂಥ ಪಿಂಚಣಿ ಯೋಜನೆಗಳಿಗೆ ಪಿಎಫ್‌ಆರ್‌ಡಿಎ. ಇಷ್ಟಕ್ಕೇ ಮುಗಿಯುವುದಿಲ್ಲ. ಚೀಟಿ ವ್ಯವಹಾರ ಮತ್ತು ಪತ್ತಿನ ಸಹಕಾರ ಸಂಘಗಳು ಆಯಾ ರಾಜ್ಯದ ರಿಜಿಸ್ಟ್ರಾರ್ ಕೈಯಲ್ಲಿ, ಒಂದಕ್ಕಿಂತ ಹೆಚ್ಚು ರಾಜ್ಯದಲ್ಲಿ ನಡೆಯುವ ಸಹಕಾರ ಸಂಘಗಳು ಕೇಂದ್ರ ರಿಜಿಸ್ಟ್ರಾರ್ ಕೈಯಲ್ಲಿ, ನಿಧಿ ಕಂಪನಿಗಳು ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ಕೈಯಲ್ಲಿವೆ.

ಇಷ್ಟು ಜನ ಕಾವಲುಗಾರರಿದ್ದರೆ ಅವರ ನಡುವೆಯೇ ಗಡಿ ಜಗಳ ಆಗದೇ ಇರುತ್ತದೆಯೇ? ಆಗಿದೆ. ವಿಮೆ ಮತ್ತು ಹೂಡಿಕೆ ಎರಡನ್ನೂ ಬೆರೆಸಿದ ಯೂಲಿಪ್ ಪಾಲಿಸಿಗಳು ಒಂದು ಕಾಲದಲ್ಲಿ ಭರ್ಜರಿಯಾಗಿ ಮಾರಾಟವಾಗುತ್ತಿದ್ದವು. 2010ರ ಏಪ್ರಿಲ್‌ನಲ್ಲಿ ಸೆಬಿ 14 ಜೀವ ವಿಮಾ ಕಂಪನಿಗಳಿಗೆ ಆದೇಶ ಹೊರಡಿಸಿ, ನಮ್ಮ ನೋಂದಣಿ ಇಲ್ಲದೆ ಯೂಲಿಪ್ ಮಾರುವಂತಿಲ್ಲ ಎಂದಿತು. ಮರುದಿನವೇ ವಿಮಾ ನಿಯಂತ್ರಕ, ಸೆಬಿ ಮಾತು ಕೇಳಬೇಡಿ, ವ್ಯವಹಾರ ಮುಂದುವರಿಸಿ ಎಂದು ಅದೇ ಕಂಪನಿಗಳಿಗೆ ಹೇಳಿತು. ಕೊನೆಗೆ ಜೂನ್‌ನಲ್ಲಿ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದು ಯೂಲಿಪ್ ವಿಮೆಯೇ ಎಂದು ತೀರ್ಮಾನಿಸಬೇಕಾಯಿತು.

ಇದಾದ ಮೇಲೆ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅಧ್ಯಕ್ಷತೆಯಲ್ಲಿ 2011ರಲ್ಲಿ ಆಯೋಗ ರಚನೆಯಾಯಿತು. 2013ರಲ್ಲಿ ಕೊಟ್ಟ ವರದಿಯಲ್ಲಿ ಅದು ಹೇಳಿದ್ದು: ಬ್ಯಾಂಕಿಂಗ್ ಮತ್ತು ಪಾವತಿ ಬಿಟ್ಟು ಉಳಿದ ಹಣಕಾಸು ಕ್ಷೇತ್ರಕ್ಕೆಲ್ಲ ಒಂದೇ ನಿಯಂತ್ರಕ ಇರಲಿ, ಬ್ಯಾಂಕ್ ಇರಲಿ, ವಿಮೆ ಇರಲಿ, ಗ್ರಾಹಕ ದೂರು ಕೊಡಲು ಒಂದೇ ಸಂಸ್ಥೆ ಇರಲಿ. ಆ ಒಂದೇ ಬಾಗಿಲು ಇವತ್ತಿಗೂ ತೆರೆದಿಲ್ಲ. ಹಾಗಾಗಿ ಯಾವ ಬಾಗಿಲು ತಟ್ಟಬೇಕು ಎಂಬುದನ್ನು ಗ್ರಾಹಕನೇ ತಿಳಿದುಕೊಳ್ಳಬೇಕಾದ ಸ್ಥಿತಿ ಮುಂದುವರಿದಿದೆ.

ಬ್ಯಾಂಕ್ ಬೇರೆ, ಸೊಸೈಟಿ ಬೇರೆ

ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಸಹಕಾರಿ ಬ್ಯಾಂಕ್‌ಗೆ ಆರ್‌ಬಿಐ ಲೈಸೆನ್ಸ್ ಇರುತ್ತದೆ, ಠೇವಣಿ ವಿಮೆ ಇರುತ್ತದೆ. ಪತ್ತಿನ ಸಹಕಾರ ಸಂಘಕ್ಕೆ, ಕರ್ನಾಟಕದ ಸೌಹಾರ್ದ ಸಹಕಾರಿಗೆ, ಮುಂಬೈ-ಪುಣೆಯಲ್ಲಿ ಗಲ್ಲಿಗೊಂದರಂತೆ ಕಾಣುವ ಪತಸಂಸ್ಥೆಗೆ ಇವೆರಡೂ ಇರುವುದಿಲ್ಲ. ಒಳಗೆ ಹೋದರೆ ಕೌಂಟರ್, ಪಾಸ್‌ಬುಕ್, ಲಾಕರ್, ಮ್ಯಾನೇಜರ್ ಕ್ಯಾಬಿನ್ ಎಲ್ಲ ಬ್ಯಾಂಕ್‌ನಂತೆಯೇ. ಎಫ್‌ಡಿ ಬಡ್ಡಿ ಮಾತ್ರ ಒಂದೆರಡು ಪರ್ಸೆಂಟ್ ಜಾಸ್ತಿ. ಪರಿಚಯದ ನಿರ್ದೇಶಕರು, ನಮ್ಮೂರಿನವರು, ನಮ್ಮ ಸಮುದಾಯದವರು ಎಂಬ ವಿಶ್ವಾಸ ಬೇರೆ. ಸುದ್ದಿಮನೆಯಲ್ಲಿ ಕೂತ ನಾವೂ ಅವಸರದ ಹೆಡ್‌ಲೈನ್‌ನಲ್ಲಿ ಸೊಸೈಟಿಯನ್ನು 'ಬ್ಯಾಂಕ್' ಎಂದು ಬರೆದು ಗೊಂದಲ ಹೆಚ್ಚಿಸಿದ್ದುಂಟು ಎಂಬುದನ್ನು ಒಪ್ಪಿಕೊಳ್ಳಬೇಕು.

ಠೇವಣಿ ವಿಮೆ ಎಂದರೇನು? 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕ್ ಮುಳುಗಿದ ಮೇಲೆ ಬಂದ ವ್ಯವಸ್ಥೆ ಇದು. ಆರ್‌ಬಿಐಗೆ ಸೇರಿದ ಡಿಐಸಿಜಿಸಿ ಎಂಬ ನಿಗಮ ಇದನ್ನು ನಡೆಸುತ್ತದೆ. ಪ್ರೀಮಿಯಂ ಕಟ್ಟುವುದು ಬ್ಯಾಂಕ್, ಠೇವಣಿದಾರರಿಂದ ವಸೂಲಿ ಮಾಡುವಂತಿಲ್ಲ. 1993ರಿಂದ 1 ಲಕ್ಷ ರೂಪಾಯಿಗೆ ನಿಂತಿದ್ದ ಮಿತಿಯನ್ನು 2020ರ ಫೆಬ್ರವರಿ 4ರಿಂದ 5 ಲಕ್ಷಕ್ಕೆ ಏರಿಸಲಾಯಿತು. ಈ 5 ಲಕ್ಷದಲ್ಲಿ ಅಸಲು, ಬಡ್ಡಿ ಎರಡೂ ಸೇರಿವೆ. ನಿಮ್ಮ ಅಸಲು 4 ಲಕ್ಷದ 80 ಸಾವಿರ, ಬಡ್ಡಿ 30 ಸಾವಿರ ಆಗಿದ್ದರೆ ವಿಮೆಯಿಂದ ಸಿಗುವುದು 5 ಲಕ್ಷ ಮಾತ್ರ. ಒಂದೇ ಬ್ಯಾಂಕ್‌ನ ದಾದರ್ ಶಾಖೆಯಲ್ಲೊಂದು, ಠಾಣೆ ಶಾಖೆಯಲ್ಲೊಂದು ಎಫ್‌ಡಿ ಇಟ್ಟರೂ ಎರಡನ್ನೂ ಕೂಡಿಸಿಯೇ ಲೆಕ್ಕ. ಬೇರೆ ಬೇರೆ ಬ್ಯಾಂಕ್‌ಗಳಲ್ಲಿದ್ದರೆ ಪ್ರತಿಯೊಂದಕ್ಕೂ 5 ಲಕ್ಷದ ಪ್ರತ್ಯೇಕ ರಕ್ಷಣೆ.

ಹಿಂದೆ ಬ್ಯಾಂಕ್ ಮುಚ್ಚಿ, ಲೈಸೆನ್ಸ್ ರದ್ದಾಗಿ, ಲಿಕ್ವಿಡೇಟರ್ ಬಂದ ಮೇಲಷ್ಟೇ ವಿಮೆ ಹಣ ಕೈಸೇರುತ್ತಿತ್ತು. ಬರೀ ನಿರ್ಬಂಧ ಹೇರಿದ್ದರೆ ಠೇವಣಿದಾರರು ತ್ರಿಶಂಕು ಸ್ಥಿತಿಯಲ್ಲಿ. 2020ರ ಜನವರಿಯಲ್ಲಿ ಬೆಂಗಳೂರಿನ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕ್ ಮೇಲೆ ಆರ್‌ಬಿಐ ನಿರ್ಬಂಧ ಹೇರಿ, ಹಣ ತೆಗೆಯುವ ಮಿತಿಯನ್ನು 35 ಸಾವಿರ ರೂಪಾಯಿಗೆ ಇಳಿಸಿದಾಗ ನಿವೃತ್ತಿಯ ಹಣವನ್ನೆಲ್ಲ ಅಲ್ಲಿಟ್ಟಿದ್ದ ಹಿರಿಯರು ಪಟ್ಟ ಪಾಡು ಇದೇ. ಇಂಥ ಪ್ರಕರಣಗಳ ಒತ್ತಡದಿಂದಲೇ 2021ರಲ್ಲಿ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದಿತು. ಆ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಯಾದ ನಿಯಮದಂತೆ, ಬ್ಯಾಂಕ್ ಮೇಲೆ ಇಂಥ ನಿರ್ಬಂಧ ಬಿದ್ದ 90 ದಿನಗಳೊಳಗೆ ವಿಮೆ ಹಣ ಪಾವತಿಯಾಗಬೇಕು. ಪಿಎಂಸಿಯ ಜನ ಎರಡು ವರ್ಷ ಕಾದ ಮೇಲೆ ಬಂದ ಕಾನೂನು ಇದು. ಮುಂದೆ 2025ರ ಫೆಬ್ರವರಿಯಲ್ಲಿ ಮುಂಬೈನದೇ ನ್ಯೂ ಇಂಡಿಯಾ ಕೋ-ಆಪರೇಟಿವ್ ಬ್ಯಾಂಕ್ ಮೇಲೆ ನಿರ್ಬಂಧ ಬಿದ್ದಾಗ, ಎರಡೇ ವಾರದಲ್ಲಿ 25 ಸಾವಿರ ರೂಪಾಯಿವರೆಗೆ ತೆಗೆಯಲು ಅವಕಾಶ ಸಿಕ್ಕಿತು. ಆಗಸ್ಟ್‌ನಲ್ಲಿ ಬ್ಯಾಂಕ್ ಸಾರಸ್ವತ್ ಬ್ಯಾಂಕ್‌ನಲ್ಲಿ ವಿಲೀನವೂ ಆಯಿತು.

ಸೊಸೈಟಿಗೆ ಇದಾವುದೂ ಅನ್ವಯಿಸುವುದಿಲ್ಲ. ಅಲ್ಲಿ ದೂರು ಕೊಡಬೇಕಾದದ್ದು ಸಹಕಾರ ಸಂಘಗಳ ರಿಜಿಸ್ಟ್ರಾರ್‌ಗೆ.

ಎನ್‌ಬಿಎಫ್‌ಸಿಗಳದ್ದು ಮತ್ತೊಂದು ಕಥೆ. ಆರ್‌ಬಿಐ ನೋಂದಣಿ ಇದೆ ಎಂದ ಮಾತ್ರಕ್ಕೆ ಸಾರ್ವಜನಿಕರಿಂದ ಠೇವಣಿ ಪಡೆಯಬಹುದು ಎಂದಲ್ಲ. ಬಹುತೇಕ ಎನ್‌ಬಿಎಫ್‌ಸಿಗಳಿಗೆ ಆ ಅನುಮತಿ ಇಲ್ಲ. ಅನುಮತಿ ಇದ್ದವು ಕೂಡ ಠೇವಣಿಗೆ ವರ್ಷಕ್ಕೆ ಶೇ 12.5ಕ್ಕಿಂತ ಹೆಚ್ಚು ಬಡ್ಡಿ ಕೊಡುವಂತಿಲ್ಲ. ಆ ಠೇವಣಿಗೆ ವಿಮೆಯೂ ಇಲ್ಲ. ನಿಧಿ ಕಂಪನಿ ತನ್ನ ಸದಸ್ಯರಿಂದ ಮಾತ್ರ ಠೇವಣಿ ಪಡೆಯಬಹುದು, ಅಲ್ಲಿಯೂ ವಿಮೆ ಇಲ್ಲ. ಚೆನ್ನೈ ಮೈಲಾಪುರದಲ್ಲಿ 1872ರಲ್ಲಿ ಶುರುವಾದ ಹಿಂದೂ ಪರ್ಮನೆಂಟ್ ಫಂಡ್‌ನ ಠೇವಣಿದಾರರು 2024ರಲ್ಲಿ ಹಣ ವಾಪಸ್ ಸಿಗುತ್ತಿಲ್ಲ ಎಂದು ಪೊಲೀಸರ ಮೊರೆ ಹೋಗಬೇಕಾಯಿತು. ಸಂಸ್ಥೆ ಎಷ್ಟು ಹಳೆಯದು ಎಂಬುದು ವಿಮೆಯ ಬದಲಿಗೆ ಬರುವುದಿಲ್ಲ.

ಇನ್ನೊಂದು ಮಾತು. ಕಂಪನಿ ನೋಂದಣಿ ಪತ್ರ, ಜಿಎಸ್‌ಟಿ ಸಂಖ್ಯೆ, ಪ್ಯಾನ್, ಐಎಸ್‌ಒ ಪ್ರಮಾಣಪತ್ರ ಇವನ್ನೆಲ್ಲ ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಿರುತ್ತಾರೆ. ಇವುಗಳಲ್ಲಿ ಒಂದೂ ಜನರಿಂದ ಹಣ ಸಂಗ್ರಹಿಸುವ ಲೈಸೆನ್ಸ್ ಅಲ್ಲ. ಹಣ ಸಂಗ್ರಹಿಸುವ ಸಂಸ್ಥೆಗಳ ಬಗ್ಗೆ ವಿಚಾರಿಸಲು, ದೂರು ಕೊಡಲು ಆರ್‌ಬಿಐ 2016ರಲ್ಲಿ ಆರಂಭಿಸಿದ 'ಸಚೇತ್' ಪೋರ್ಟಲ್ ಇದೆ.

ಚೀಟಿ, ಚಿನ್ನದ ಸ್ಕೀಮ್, ಕ್ರಿಪ್ಟೊ

ಚೀಟಿ ಎಂದ ಕೂಡಲೇ ಮೋಸ ಎನ್ನಬೇಕಿಲ್ಲ. 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಾಯಿತ ಚೀಟಿ ಕಾನೂನುಬದ್ಧ. ಕರ್ನಾಟಕ ಸರ್ಕಾರದ ಸಂಸ್ಥೆ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಚೀಟಿ ನಡೆಸುವವರು ಪ್ರತಿ ಚೀಟಿಗೂ ರಿಜಿಸ್ಟ್ರಾರ್‌ರಿಂದ ಮುಂಚಿತವಾಗಿ ಅನುಮತಿ ಪಡೆದು, ಚೀಟಿ ಮೊತ್ತಕ್ಕೆ ಸಮನಾದ ಭದ್ರತೆ ಇಡಬೇಕು. ಅವರ ಕಮಿಷನ್ ಶೇ 7 ಮೀರುವಂತಿಲ್ಲ. ಅಪಾರ್ಟ್‌ಮೆಂಟ್‌ನಲ್ಲಿ, ಆಫೀಸಿನಲ್ಲಿ ನೋಟ್‌ಬುಕ್ ಮೇಲೆ ನಡೆಯುವ ಚೀಟಿಗೆ ಈ ಯಾವ ರಕ್ಷಣೆಯೂ ಇಲ್ಲ.

ಆಭರಣ ಮಳಿಗೆಗಳ ಮಾಸಿಕ ಕಂತಿನ ಚಿನ್ನದ ಸ್ಕೀಮ್‌ಗಳು ಸಾಮಾನ್ಯವಾಗಿ 10 ಅಥವಾ 11 ತಿಂಗಳಿಗೇ ಏಕೆ ಮುಗಿಯುತ್ತವೆ ಎಂದು ಎಂದಾದರೂ ಯೋಚಿಸಿದ್ದೀರಾ? ಕಂಪನಿಗಳ ಠೇವಣಿ ನಿಯಮಗಳ ಪ್ರಕಾರ, ಸರಕಿಗಾಗಿ ಪಡೆದ ಮುಂಗಡವನ್ನು 365 ದಿನದೊಳಗೆ ಆ ಸರಕಿಗೆ ಹೊಂದಿಸಿಬಿಟ್ಟರೆ ಅದು ಠೇವಣಿ ಎನಿಸುವುದಿಲ್ಲ. ಅಂದರೆ ನೀವು ಪ್ರತಿ ತಿಂಗಳು ಕಟ್ಟುವುದು ಕಾನೂನಿನ ಕಣ್ಣಲ್ಲಿ ಉಳಿತಾಯ ಅಲ್ಲ, ಅಂಗಡಿಗೆ ಕೊಟ್ಟ ಅಡ್ವಾನ್ಸ್. ಅಂಗಡಿ ಬಾಗಿಲು ಹಾಕಿದರೆ ನೀವೂ ಸಾಲಗಾರರ ಸಾಲಿನಲ್ಲಿ ಒಬ್ಬರು. ಮುಂಬೈನಲ್ಲಿ 2025ರ ಜನವರಿಯಲ್ಲಿ ಬಯಲಾದ ಟೋರೆಸ್ ಪ್ರಕರಣದಲ್ಲಿ ಹರಳು ಖರೀದಿಯ ಹೆಸರಿನಲ್ಲೇ ಹಣ ಸಂಗ್ರಹಿಸಿ, ವಾರ ವಾರ ಲಾಭಾಂಶದ ಆಸೆ ತೋರಿಸಲಾಗಿತ್ತು.

ಆಪ್‌ಗಳಲ್ಲಿ 10 ರೂಪಾಯಿಗೂ ಸಿಗುವ ಡಿಜಿಟಲ್ ಚಿನ್ನ ತನ್ನ ನಿಯಂತ್ರಣದಲ್ಲಿಲ್ಲ ಎಂದು 2025ರ ನವೆಂಬರ್‌ನಲ್ಲಿ ಸೆಬಿ ಬಹಿರಂಗವಾಗಿಯೇ ಎಚ್ಚರಿಸಿತು. ಚಿನ್ನದ ಇಟಿಎಫ್ ಸೆಬಿ ವ್ಯಾಪ್ತಿಯಲ್ಲಿದೆ, ಡಿಜಿಟಲ್ ಚಿನ್ನ ಇಲ್ಲ. ಮೊಬೈಲ್ ಪರದೆಯಲ್ಲಿ ಎರಡೂ ಒಂದೇ ಥರ ಹೊಳೆಯುತ್ತವೆ. ಕ್ರಿಪ್ಟೊ ಸಂಗತಿ ಇನ್ನೂ ವಿಚಿತ್ರ. 2022ರ ಏಪ್ರಿಲ್‌ನಿಂದ ಅದರ ಲಾಭಕ್ಕೆ ಶೇ 30 ತೆರಿಗೆ ಇದೆ, ಆದರೆ ಹೂಡಿಕೆದಾರರ ಹಿತ ಕಾಯುವ ನಿಯಂತ್ರಕ ಇಲ್ಲ. 2024ರ ಜುಲೈನಲ್ಲಿ ವಾಜಿರ್‌ಎಕ್ಸ್ ಮೇಲೆ ಸೈಬರ್ ದಾಳಿಯಾಗಿ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೊ ಹೋದಾಗ ಬಳಕೆದಾರರು ಮೊರೆ ಹೋಗಲು ಒಂಬುಡ್ಸ್‌ಮನ್ ಇರಲಿಲ್ಲ.

ಖಾತೆಯಿಂದ ಹಣ ಹೋಯಿತೇ? ಮೊದಲ ಮೂರು ದಿನ ಮುಖ್ಯ

ನೀವು ಮಾಡದ ವಹಿವಾಟಿನಲ್ಲಿ ಖಾತೆಯಿಂದ ಹಣ ಹೋದರೆ ಹೊಣೆ ಯಾರದು ಎಂಬುದನ್ನು ಆರ್‌ಬಿಐ 2017ರ ಜುಲೈ 6ರ ಸುತ್ತೋಲೆಯಲ್ಲಿ ಹೇಳಿದೆ. ತಪ್ಪು ಬ್ಯಾಂಕ್‌ನದಾಗಿದ್ದರೆ ಗ್ರಾಹಕ ಒಂದು ಪೈಸೆಯನ್ನೂ ಹೊರಬೇಕಿಲ್ಲ. ತಪ್ಪು ಬ್ಯಾಂಕ್‌ನದೂ ಅಲ್ಲ, ಗ್ರಾಹಕನದೂ ಅಲ್ಲ, ನಡುವೆ ಎಲ್ಲೋ ಆಗಿದೆ ಎಂದಾದರೆ ಬ್ಯಾಂಕ್‌ನಿಂದ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ಪೂರ್ತಿ ರಕ್ಷಣೆ. ನಾಲ್ಕರಿಂದ ಏಳು ದಿನದೊಳಗೆ ತಿಳಿಸಿದರೆ ಸಾಮಾನ್ಯ ಉಳಿತಾಯ ಖಾತೆದಾರರು ಹೆಚ್ಚೆಂದರೆ 10 ಸಾವಿರ ರೂಪಾಯಿ ಕಳೆದುಕೊಳ್ಳಬಹುದು. ಏಳು ದಿನ ದಾಟಿದರೆ ಬ್ಯಾಂಕ್‌ನ ಸ್ವಂತ ನೀತಿಯಂತೆ. ದೂರು ಕೊಟ್ಟ 10 ಕೆಲಸದ ದಿನಗಳೊಳಗೆ ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಹಾಕಬೇಕು, 90 ದಿನದಲ್ಲಿ ಇತ್ಯರ್ಥ ಮಾಡಬೇಕು. ಗ್ರಾಹಕನದೇ ತಪ್ಪು ಎಂದು ಸಾಬೀತುಪಡಿಸುವ ಹೊಣೆಯೂ ಬ್ಯಾಂಕ್‌ನದೇ. ಕೌಂಟರ್‌ನಲ್ಲಿ 'ನೀವೇ ಏನೋ ಒತ್ತಿರಬೇಕು' ಎಂಬ ಮಾತು ಕೇಳಿಬಂದರೆ ಈ ಸಾಲನ್ನು ನೆನಪಿಸಬಹುದು.

ಆದರೆ ಒಟಿಪಿ, ಪಿನ್ ನೀವೇ ಹೇಳಿದ್ದರೆ? ದೂರು ಕೊಡುವವರೆಗೆ ಆದ ನಷ್ಟ ನಿಮ್ಮದು. ದೂರು ಕೊಟ್ಟ ಮೇಲೆ ಆಗುವ ನಷ್ಟ ಬ್ಯಾಂಕ್‌ನದು. ಡಿಜಿಟಲ್ ಅರೆಸ್ಟ್‌ನಂಥ ವಂಚನೆಗಳಲ್ಲಿ ಜನ ಹೆದರಿ ತಾವಾಗಿಯೇ ಹಣ ವರ್ಗಾಯಿಸುವುದರಿಂದ ಈ ನಿಯಮ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಅಂಥ ಸಂದರ್ಭದಲ್ಲಿ ತಕ್ಷಣ 1930ಕ್ಕೆ ಕರೆ ಮಾಡಬೇಕು. ಹಣ ಖಾತೆಯಿಂದ ಖಾತೆಗೆ ಜಿಗಿಯುವ ಮೊದಲು ತಡೆಹಿಡಿಯಲು ಇರುವ ದಾರಿ ಇದು.

ಬ್ಯಾಂಕ್ ಕೇಳದಿದ್ದರೆ ಒಂಬುಡ್ಸ್‌ಮನ್

ಬ್ಯಾಂಕ್, ಎನ್‌ಬಿಎಫ್‌ಸಿ, ಪಾವತಿ ಕಂಪನಿಗಳ ವಿರುದ್ಧದ ದೂರಿಗೆ ಹಿಂದೆ ಮೂರು ಬೇರೆ ಬೇರೆ ಒಂಬುಡ್ಸ್‌ಮನ್ ಯೋಜನೆಗಳಿದ್ದವು. 2021ರ ನವೆಂಬರ್ 12ರಂದು ಅವನ್ನು ಒಂದುಗೂಡಿಸಲಾಯಿತು. ಊರು, ಶಾಖೆ ನೋಡಿ ಕಚೇರಿ ಹುಡುಕುವ ಕೆಲಸ ಈಗಿಲ್ಲ. ಖಾತೆ ಹುಬ್ಬಳ್ಳಿ ಶಾಖೆಯಲ್ಲಿದ್ದು ನೀವು ದೆಹಲಿಯಲ್ಲಿದ್ದರೂ ದೂರು ಹೋಗುವುದು ಆರ್‌ಬಿಐನ ಸಿಎಂಎಸ್ ಪೋರ್ಟಲ್‌ಗೆ. ಪತ್ರ ಅಥವಾ ಇ-ಮೇಲ್ ಆದರೆ ಚಂಡೀಗಢದ ಕೇಂದ್ರಕ್ಕೆ. ಆ ಕೇಂದ್ರ ಯಾವುದೇ ಭಾಷೆಯ ದೂರನ್ನು ಸ್ವೀಕರಿಸುತ್ತದೆ, ಹಾಗಾಗಿ ಕನ್ನಡದಲ್ಲೇ ಬರೆದು ಕಳುಹಿಸಬಹುದು. 14448 ಸಹಾಯವಾಣಿಯಲ್ಲೂ ಕನ್ನಡ ಆಯ್ಕೆ ಇದೆ. ಹೊರರಾಜ್ಯದಲ್ಲಿ ಮಗನ ಮನೆಯಲ್ಲಿರುವ, ಹಿಂದಿ-ಇಂಗ್ಲಿಷ್ ಬಾರದ ಅಪ್ಪ-ಅಮ್ಮಂದಿರಿಗೆ ಇದು ತಿಳಿದಿರಲಿ.

ಶುಲ್ಕ ಇಲ್ಲ. ವಕೀಲರೂ ಬೇಡ, ವಕೀಲರ ಮೂಲಕ ಕೊಟ್ಟ ದೂರನ್ನು ಯೋಜನೆ ಒಪ್ಪುವುದೇ ಇಲ್ಲ, ವಕೀಲರೇ ನೊಂದ ಗ್ರಾಹಕರಾಗಿದ್ದರೆ ಮಾತ್ರ ವಿನಾಯಿತಿ. ಆದರೆ ಒಂದು ಷರತ್ತಿದೆ, ಬಹಳಷ್ಟು ದೂರು ಬಿದ್ದುಹೋಗುವುದು ಇಲ್ಲೇ. ಮೊದಲು ಬ್ಯಾಂಕ್‌ಗೆ ಲಿಖಿತ ದೂರು ಕೊಟ್ಟಿರಬೇಕು. ಉತ್ತರ ಸಮಾಧಾನ ತರದಿದ್ದರೆ, ಅಥವಾ 30 ದಿನವಾದರೂ ಉತ್ತರ ಬಾರದಿದ್ದರೆ ಮಾತ್ರ ಒಂಬುಡ್ಸ್‌ಮನ್. ಶಾಖೆಗೆ ಹೋಗಿ ಬಾಯಲ್ಲಿ ಹೇಳಿ ಬಂದರೆ ದೂರು ಕೊಟ್ಟಂತಾಗುವುದಿಲ್ಲ. ಇ-ಮೇಲ್ ಕಳುಹಿಸಿ, ದೂರಿನ ಸಂಖ್ಯೆ ಇಟ್ಟುಕೊಳ್ಳಿ. 2021ರ ಯೋಜನೆಯಲ್ಲಿ ಬ್ಯಾಂಕ್‌ನ ಉತ್ತರ ಬಂದ ಒಂದು ವರ್ಷದೊಳಗೆ ಬರಬೇಕು ಎಂದಿತ್ತು. ನಷ್ಟಕ್ಕೆ 20 ಲಕ್ಷದವರೆಗೆ, ಅಲೆದಾಟ ಹಾಗೂ ಮಾನಸಿಕ ಕಿರುಕುಳಕ್ಕೆ ಪ್ರತ್ಯೇಕವಾಗಿ 1 ಲಕ್ಷದವರೆಗೆ ಪರಿಹಾರ ಕೊಡಿಸುವ ಅಧಿಕಾರವಿತ್ತು. ಗಡುವು, ಮೊತ್ತಗಳನ್ನು ಆರ್‌ಬಿಐ ಪರಿಷ್ಕರಿಸುತ್ತಿರುತ್ತದೆ. ದೂರು ಕೊಡುವ ದಿನ ಪೋರ್ಟಲ್‌ನಲ್ಲಿ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಕೆಲವು ವಿಷಯಗಳಲ್ಲಿ ದಿನದ ಲೆಕ್ಕದ ಪರಿಹಾರ ನಿಯಮದಲ್ಲೇ ಇದೆ, ಕೇಳುವವರು ಕಡಿಮೆ. ಎಟಿಎಂನಲ್ಲಿ ಹಣ ಬಾರದೆ ಖಾತೆಯಿಂದ ಕಡಿತವಾದರೆ ಐದು ದಿನದೊಳಗೆ ವಾಪಸ್ ಬರಬೇಕು, ತಡವಾದರೆ ದಿನಕ್ಕೆ 100 ರೂಪಾಯಿ. ಗೃಹಸಾಲ ತೀರಿದ 30 ದಿನದೊಳಗೆ ಮನೆಯ ಮೂಲ ದಾಖಲೆಗಳನ್ನು ಮರಳಿಸಬೇಕು, ತಪ್ಪು ಬ್ಯಾಂಕ್‌ನದಾಗಿದ್ದರೆ ದಿನಕ್ಕೆ 5,000 ರೂಪಾಯಿ. ಕ್ರೆಡಿಟ್ ವರದಿಯಲ್ಲಿನ ತಪ್ಪನ್ನು 30 ದಿನದಲ್ಲಿ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿ.

ಸಾಲದ ಆಪ್: ಸಾಲ ಕೊಡುತ್ತಿರುವವರು ಯಾರು?

ಆಪ್ ಬರೀ ಮುಖ. ಹಿಂದೆ ಯಾವ ಬ್ಯಾಂಕ್ ಅಥವಾ ಎನ್‌ಬಿಎಫ್‌ಸಿ ಇದೆ ಎಂಬುದು ಸಾಲ ಪಡೆಯುವ ಮೊದಲೇ ಕಾಣಬೇಕು. 2022ರ ಸೆಪ್ಟೆಂಬರ್‌ನಲ್ಲಿ ಬಂದು, 2025ರ ಮೇನಲ್ಲಿ ಒಟ್ಟುಗೂಡಿದ ಆರ್‌ಬಿಐ ನಿಯಮಗಳ ಪ್ರಕಾರ ಸಾಲದ ಹಣ ನೇರವಾಗಿ ಸಾಲಗಾರರ ಬ್ಯಾಂಕ್ ಖಾತೆಗೇ ಬರಬೇಕು, ಕಂತು ನೇರವಾಗಿ ಸಾಲ ಕೊಟ್ಟ ಸಂಸ್ಥೆಗೇ ಹೋಗಬೇಕು. ಫೋನ್‌ನಲ್ಲಿರುವ ಫೋಟೊ, ಕಾಂಟ್ಯಾಕ್ಟ್ ಪಟ್ಟಿಗೆ ಆಪ್ ಕೈ ಹಾಕುವಂತಿಲ್ಲ. ಬಡ್ಡಿ, ಶುಲ್ಕ ಎಲ್ಲ ಸೇರಿ ವರ್ಷಕ್ಕೆ ಎಷ್ಟು ಪರ್ಸೆಂಟ್ ಆಗುತ್ತದೆ ಎಂಬುದನ್ನು ಒಂದೇ ಕಡೆ ಬರೆದ ವಿವರಪಟ್ಟಿ ಕೊಡಬೇಕು. ಅದರಲ್ಲಿ ಇಲ್ಲದ ಶುಲ್ಕವನ್ನು ನಂತರ ನಿಮ್ಮ ಒಪ್ಪಿಗೆಯಿಲ್ಲದೆ ಹಾಕುವಂತಿಲ್ಲ. ಮನಸ್ಸು ಬದಲಾದರೆ ದಂಡವಿಲ್ಲದೆ ಸಾಲ ಮರಳಿಸಲು ಕನಿಷ್ಠ ಒಂದು ದಿನದ ಅವಕಾಶವೂ ಇದೆ. ನಿಯಂತ್ರಿತ ಸಂಸ್ಥೆಗಳು ಬಳಸುವ ಆಪ್‌ಗಳ ಪಟ್ಟಿಯನ್ನು ಆರ್‌ಬಿಐ 2025ರ ಜುಲೈನಿಂದ ತನ್ನ ಜಾಲತಾಣದಲ್ಲಿ ಹಾಕಿದೆ. ಕಾಂಟ್ಯಾಕ್ಟ್ ಪಟ್ಟಿಗೆ ಅನುಮತಿ ಕೇಳಿತು ಎಂದರೆ ಅಲ್ಲಿಗೇ ಬಿಟ್ಟುಬಿಡಿ.

ವಸೂಲಿ ಏಜೆಂಟರು ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ. ಸಂಬಂಧಿಕರಿಗೆ, ಸಹೋದ್ಯೋಗಿಗಳಿಗೆ ಹೇಳಿ ಮರ್ಯಾದೆ ಕಳೆಯುವಂತಿಲ್ಲ. ಕರ್ನಾಟಕದಲ್ಲಿ ಮೈಕ್ರೋ ಫೈನಾನ್ಸ್ ಕಿರುಕುಳ ತಾಳದೆ ಜನ ಊರು ಬಿಟ್ಟ, ಪ್ರಾಣ ಕಳೆದುಕೊಂಡ ಸುದ್ದಿಗಳು ಸಾಲುಸಾಲಾಗಿ ಬಂದ ಮೇಲೆ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ.

ವಿಮೆ: ನೀವಿರುವ ಊರಿನಲ್ಲೇ ದೂರು ಕೊಡಬಹುದು

ವಿಮಾ ಕಂಪನಿ ಕ್ಲೇಮ್ ತಿರಸ್ಕರಿಸಿದರೆ ಮೊದಲು ಕಂಪನಿಯ ದೂರು ವಿಭಾಗ. ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್ ಅಥವಾ 155255 ಮೂಲಕವೂ ದೂರು ದಾಖಲಿಸಬಹುದು. ಒಂದು ತಿಂಗಳಾದರೂ ಬಗೆಹರಿಯದಿದ್ದರೆ ಬಿಮಾ ಲೋಕಪಾಲ, ಅಂದರೆ ವಿಮಾ ಒಂಬುಡ್ಸ್‌ಮನ್. ಬೆಂಗಳೂರು, ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಎಲ್ಲೆಡೆ ಈ ಕಚೇರಿಗಳಿವೆ. ಕಂಪನಿಯ ಶಾಖೆ ಇರುವ ಊರಾಗಲಿ, ದೂರುದಾರರು ವಾಸಿಸುವ ಊರಾಗಲಿ, ಎರಡರಲ್ಲಿ ಯಾವುದಾದರೂ ಸರಿ. ಧಾರವಾಡದಲ್ಲಿ ಮಾಡಿಸಿದ ಪಾಲಿಸಿಗೆ ಪುಣೆಯಲ್ಲಿ ಕೂತೇ ಹೋರಾಡಬಹುದು. 50 ಲಕ್ಷ ರೂಪಾಯಿವರೆಗಿನ ವಿವಾದಗಳಿಗೆ ಇಲ್ಲಿ ಅವಕಾಶ. ತೀರ್ಪು ಬಂದರೆ ಕಂಪನಿ 30 ದಿನದೊಳಗೆ ಪಾಲಿಸಬೇಕು.

ಬ್ಯಾಂಕ್‌ನಲ್ಲಿ ಎಫ್‌ಡಿ ಮಾಡಿಸಲು ಹೋದವರಿಗೆ ವಿಮಾ ಪಾಲಿಸಿ ಅಂಟಿಸಿ ಕಳುಹಿಸುವುದು ಹಳೆಯ ಚಾಳಿ. ಪಾಲಿಸಿ ದಾಖಲೆ ಕೈಸೇರಿದ 30 ದಿನದೊಳಗೆ ಅದನ್ನು ಹಿಂತಿರುಗಿಸುವ ಹಕ್ಕು ನಿಮಗಿದೆ. ಹಿರಿಯರು ಬ್ಯಾಂಕ್‌ನಿಂದ ದಪ್ಪನೆಯ ಲಕೋಟೆ ಬಂದರೆ ಬೀರುವಿನಲ್ಲಿಟ್ಟು ಸುಮ್ಮನಾಗುತ್ತಾರೆ, 30 ದಿನ ಅಲ್ಲೇ ಕಳೆದುಹೋಗುತ್ತದೆ. ಊರಿಗೆ ಹೋದಾಗ ಆ ಬೀರು ಒಮ್ಮೆ ತೆಗೆದು ನೋಡಿ.

ಆರೋಗ್ಯ ವಿಮೆಯಲ್ಲಿ 2024ರಿಂದ ನಿಯಮ ಬಿಗಿಯಾಗಿದೆ. ನಗದುರಹಿತ ಚಿಕಿತ್ಸೆಯ ಕೋರಿಕೆಗೆ ಒಂದು ಗಂಟೆಯಲ್ಲಿ, ಡಿಸ್ಚಾರ್ಜ್‌ಗೆ ಮೂರು ಗಂಟೆಯಲ್ಲಿ ಕಂಪನಿ ಉತ್ತರಿಸಬೇಕು. ಸತತ 60 ತಿಂಗಳು ಪಾಲಿಸಿ ನಡೆದಿದ್ದರೆ ವಂಚನೆ ಸಾಬೀತಾಗದ ಹೊರತು 'ಹಳೆಯ ಕಾಯಿಲೆ ಮುಚ್ಚಿಟ್ಟಿದ್ದೀರಿ' ಎಂದು ಕ್ಲೇಮ್ ನಿರಾಕರಿಸುವಂತಿಲ್ಲ. ಜೀವ ವಿಮೆಯಲ್ಲಿ ಮೂರು ವರ್ಷ ದಾಟಿದ ಪಾಲಿಸಿಯನ್ನು ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ.

ಷೇರು, ಮ್ಯೂಚುವಲ್ ಫಂಡ್

ಇಲ್ಲಿ ದೂರಿನ ವೇದಿಕೆ ಸೆಬಿಯ 'ಸ್ಕೋರ್ಸ್'. ಕಂಪನಿ ಅಥವಾ ಬ್ರೋಕರ್ 21 ದಿನದೊಳಗೆ ಉತ್ತರಿಸಬೇಕು, ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ಮರುಪರಿಶೀಲನೆ ಕೇಳಬಹುದು. ವಾಟ್ಸಾಪ್, ಟೆಲಿಗ್ರಾಂ ಗ್ರೂಪ್‌ಗಳಲ್ಲಿ ಬ್ರೋಕರ್ ಹೆಸರಲ್ಲಿ ಹಣ ಹಾಕಿಸಿಕೊಳ್ಳುವ ವಂಚನೆ ತಡೆಯಲು 2025ರ ಅಕ್ಟೋಬರ್‌ನಿಂದ ಸೆಬಿ ನೋಂದಾಯಿತ ಮಧ್ಯವರ್ತಿಗಳಿಗೆ 'ವ್ಯಾಲಿಡ್' ಎಂಬ ಪದ ಇರುವ ವಿಶೇಷ ಯುಪಿಐ ವಿಳಾಸ ನೀಡಲಾಗಿದೆ. 'ಸೆಬಿ ಚೆಕ್' ಮೂಲಕ ಬ್ಯಾಂಕ್ ಖಾತೆಯ ಅಸಲಿಯತ್ತನ್ನೂ ಪರಿಶೀಲಿಸಬಹುದು. ಷೇರು ಬೆಲೆ ಬಿದ್ದು ಆದ ನಷ್ಟಕ್ಕೆ ಮಾತ್ರ ಯಾವ ವೇದಿಕೆಯೂ ಇಲ್ಲ.

ಈ ಯಾವ ಬಾಗಿಲೂ ಇಲ್ಲದಿದ್ದರೆ

ನಿಯಂತ್ರಕರ ದಾರಿಯಲ್ಲದೆ ಗ್ರಾಹಕ ಆಯೋಗವೂ ಇದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ನೀವು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ಎರಡು ವರ್ಷದೊಳಗೆ ದೂರು ಕೊಡಬಹುದು. ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಇಲ್ಲಿ ಲೆಕ್ಕಕ್ಕೆ ಬರುವುದು ನೀವು ಕೊಟ್ಟ ಹಣವೇ ಹೊರತು ಕೇಳುವ ಪರಿಹಾರವಲ್ಲ. ವಿಮೆಯಲ್ಲಿ ಅದು ಪ್ರೀಮಿಯಂ, ಹಾಗಾಗಿ ಒಂದು ಕೋಟಿಯ ಪಾಲಿಸಿಯ ವಿವಾದವೂ ಸಾಮಾನ್ಯವಾಗಿ ಜಿಲ್ಲಾ ಆಯೋಗದಲ್ಲೇ ಶುರುವಾಗುತ್ತದೆ. ಮಾಹಿತಿಗೆ 1915ಕ್ಕೆ ಕರೆ ಮಾಡಬಹುದು.

ಲೈಸೆನ್ಸೇ ಇಲ್ಲದವರ ಕೈಗೆ ಹಣ ಕೊಟ್ಟಾಗಿದ್ದರೆ ಉಳಿಯುವುದು 2019ರ ಅನಿಯಂತ್ರಿತ ಠೇವಣಿ ನಿಷೇಧ ಕಾಯ್ದೆ ಮತ್ತು ರಾಜ್ಯಗಳ ಠೇವಣಿದಾರರ ಹಿತರಕ್ಷಣಾ ಕಾಯ್ದೆಗಳು. ತಮಿಳುನಾಡಿನಲ್ಲಿ 1997ರಿಂದ, ಮಹಾರಾಷ್ಟ್ರದಲ್ಲಿ 1999ರಿಂದ, ಕರ್ನಾಟಕದಲ್ಲಿ 2004ರಿಂದ ಇಂಥ ಕಾನೂನುಗಳಿವೆ. ಪೊಲೀಸ್ ಇಲಾಖೆಯ ಆರ್ಥಿಕ ಅಪರಾಧ ವಿಭಾಗಕ್ಕೆ ದೂರು ಕೊಟ್ಟು, ಸಂಸ್ಥೆಯ ಆಸ್ತಿ ಮುಟ್ಟುಗೋಲಾಗಿ, ಹರಾಜಾಗಿ ಬಂದ ಹಣದಲ್ಲಿ ಪಾಲು ಪಡೆಯಬೇಕು. ಸಕ್ಷಮ ಪ್ರಾಧಿಕಾರಿ ಅರ್ಜಿ ಕರೆದಾಗ ನಿಗದಿತ ದಿನದೊಳಗೆ ಹಾಕದವರ ಹೆಸರು ಪಟ್ಟಿಗೆ ಬರುವುದು ಕಷ್ಟ. ರಸೀದಿ, ಬ್ಯಾಂಕ್ ಸ್ಟೇಟ್‌ಮೆಂಟ್, ಏಜೆಂಟರ ವಾಟ್ಸಾಪ್ ಸಂದೇಶ ಏನೇ ಇದ್ದರೂ ಅಲ್ಲಿಯವರೆಗೆ ಜೋಪಾನವಾಗಿಡಿ. ಫೋನ್ ಬದಲಿಸುವ ಮೊದಲು ಒಂದು ಪ್ರತಿ ಮುದ್ರಿಸಿಟ್ಟುಕೊಳ್ಳಿ.